ಹದಿನೈದು ದಿನ, ಏಳು ದೇಶ

ಮೌಳಂಗಿ. ಕಾಳಿ ನದಿ ದಂಡೆಯ ಬಂಡೆ ಮೇಲೆ ಕುಂತ ಅಣ್ಣನ ಮಗ ಕಾಕಾನ ಮುಂದೆ ಮೊಬೈಲಿನಲ್ಲಿ ಎಕ್ಸೆಲ್ ಶೀಟು ತೆರೆದ.

"ಕಾಕಾ, ಹದಿನೈದು ದಿನದಾಗ ಯುರೋಪಿನ ಏಳು ದೇಶ. ಬ್ಯಾಗ್ ಒಂದ, ಖರ್ಚು ಒಂದೂವರೆ ಲಕ್ಷ."

"ನಿನ್ನೆ ದಾಂಡೇಲಿ ಸಂತಿಗೆ ಹೋಗಿ ಬರಾಕ ಎಷ್ಟೊತ್ತಾತು?"

"ಬಸ್ ತಪ್ಪಿತ್ತು. ಅರ್ಧ ದಿನ."

"ಪ್ಯಾರಿಸ್‌ಗೆ ಎಷ್ಟು ಇಟ್ಟೀ?"

"ಐದು ತಾಸು. ಐಫೆಲ್ ಟವರ್ ಮುಂದ ಫೋಟೋಕ್ಕ ಹತ್ತು ನಿಮಿಷ."

"ಊಟ?"

"ಆ ಕಾಲಂ ಖಾಲಿ ಐತಿ. ಅವ್ವ ಚಟ್ನಿಪುಡಿ, ಕಟಕ್ ರೊಟ್ಟಿ ಕೊಡ್ತಾಳ."

(ಶೀಟಿನಲ್ಲಿ ಹಸಿವಿಗೆ ಸೂತ್ರವಿರಲಿಲ್ಲ, ನಿದ್ದೆಗೂ ಇರಲಿಲ್ಲ, ರಾತ್ರಿಯೆಲ್ಲ ರೈಲೇ.)

"ವೀಸಾ?"

"ಷೆಂಗೆನ್ ಒಂದ ಸಾಕು, 29 ದೇಶಕ್ಕ ನಡೀತದ. ಫೀ 90 ಯುರೋ."

"ವೀಸಾ ಕೊಡಲಿಲ್ಲಂದ್ರ?"

"ಫೀ ವಾಪಸ್ ಬರಂಗಿಲ್ಲ. ಮ್ಯಾಲ 30,000 ಯುರೋದ ಇನ್ಶೂರೆನ್ಸ್ ಬೇಕಂತ."

"ಅಷ್ಟು ಕಿಮ್ಮತ್ತೇನೋ ನಿಂದು? ನಿಮ್ಮಪ್ಪಗ ಹೇಳಬ್ಯಾಡ. ಪಾಸ್‌ಪೋರ್ಟ್ ತೋರ್ಸು."

"ಮಾಡಿಸಬೇಕು, ಕಾಕಾ."

ಕಾಕಾ ಎಲಿ-ಅಡಿಕಿ ಉಗುಳಿ ಬಂದರು.

"ಹಂಗಾದ್ರ ಮೊದಲ ಕಠ್ಮಂಡುಗೆ ಹೋಗು. ನೇಪಾಳಕ್ಕ ನಮಗ ವೀಸಾ ಬೇಕಿಲ್ಲ, ವೋಟರ್ ಕಾರ್ಡ್ ಸಾಕು."