ಶ್ವೇತಮಕ್ಷಿಕಾ ಮೀಮಾಂಸೆ, ಅಥವಾ ಎಲೆಯ ಅಡಿಭಾಗದ ತತ್ತ್ವವಿಚಾರ

ಟೊಮೆಟೊ, ಬದನೆ, ಬೆಂಡೆಯೇ ಮೊದಲಾದ ಶಾಕಸಸ್ಯಗಳ ಪತ್ರಾಧೋಭಾಗವನ್ನು ಆಶ್ರಯಿಸಿ ರಸಪಾನನಿರತವಾಗಿರುವ ಶ್ವೇತವರ್ಣದ ಸೂಕ್ಷ್ಮಕೀಟದ ಸಮಗ್ರ, ಸುಸ್ಥಿರ, ಬಹುಆಯಾಮಿ ಹಾಗೂ ಭಾಗೀದಾರಕೇಂದ್ರಿತ ನಿರ್ವಹಣೆಯ ತಾತ್ತ್ವಿಕ ನೆಲೆಗಟ್ಟನ್ನು ಪರಾಮರ್ಶಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿರುತ್ತದೆ. (ಬಿಳಿನೊಣ ಎಂದಿದ್ದರೆ ಸಾಕಿತ್ತು, ಆದರೆ ಅಷ್ಟಕ್ಕೆ ಯಾರೂ ಟಿಎ, ಡಿಎ ಕೊಡುವುದಿಲ್ಲ.) ಈ ಶಾಸ್ತ್ರದಲ್ಲಿ ಪೂರ್ವಸೂರಿಗಳು ಎರಡು ದರ್ಶನಗಳನ್ನು ಸ್ಥಾಪಿಸಿದ್ದಾರೆ. ಮೊದಲನೆಯದು ಉಪರಿಪತ್ರವಾದ: ಎಲೆಯ ಮೇಲೆ ಔಷಧ ಸುರಿದರೆ ಎಲೆಯ ಕೆಳಗಿರುವುದು ಸಾಯುತ್ತದೆಂಬ ಅಚಲ ಶ್ರದ್ಧೆ. ಎರಡನೆಯದು ಅಧಃಪತ್ರವಾದ: ಎಲೆಯನ್ನೊಮ್ಮೆ ಮಗುಚಿ ನೋಡೋಣವೆಂಬ ನಾಸ್ತಿಕ ಪಂಥ. ಸರ್ಕಾರಿ ಮನ್ನಣೆ, ಕರಪತ್ರ, ವೇದಿಕೆ, ಹಾರ, ಶಾಲು ಎಲ್ಲವೂ ಮೊದಲನೆಯದಕ್ಕೆ ಸಲ್ಲುತ್ತ ಬಂದಿವೆ. ನಮ್ಮ ಪ್ರತಿಜ್ಞೆ ಇಷ್ಟೇ: ಬಿಳಿನೊಣ ಹೀಗೆ ತಳವೂರಿರುವುದಕ್ಕೆ ಅದರ ಸಂತಾನಶಕ್ತಿ ಅರ್ಧ ಕಾರಣ, ಔಷಧದಂತೆಯೇ ನಮ್ಮ ಸಲಹೆಗಳೂ ಮೇಲ್ಮೈಗೆ ಬಿದ್ದು ಜಾರಿಹೋಗುತ್ತಿರುವುದು ಉಳಿದರ್ಧ.

ಪ್ರತ್ಯಕ್ಷ ಪ್ರಮಾಣವನ್ನು ನೋಡೋಣ. ಹೆಣ್ಣುನೊಣ ಮೊಟ್ಟೆಯಿಡುವುದು ಎಲೆಯಡಿಯಲ್ಲಿ. ಒಡೆದು ಬಂದ ಮರಿ ಸ್ವಲ್ಪ ಹೊತ್ತು ತೆವಳಿ, ಒಳ್ಳೆಯ ಜಾಗ ಹುಡುಕಿ ಸೂಜಿಬಾಯಿ ಚುಚ್ಚಿತೆಂದರೆ ರೆಕ್ಕೆ ಬರುವ ತನಕ ಅಲ್ಲಿಂದ ಕದಲುವುದಿಲ್ಲ. ಸೆಕೆಗಾಲದಲ್ಲಿ ಸುಮಾರು ಮೂರು ವಾರಕ್ಕೆ ಒಂದು ತಲೆಮಾರು ಮುಗಿಯುವುದರಿಂದ ಒಂದೇ ಎಲೆಯಲ್ಲಿ ಮೊಟ್ಟೆ, ಮರಿ, ಕೋಶ, ನೊಣ ಎಲ್ಲವೂ ಒಟ್ಟು ಕುಟುಂಬದಂತೆ ಇರುತ್ತವೆ. ಅವು ವಿಸರ್ಜಿಸುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು ಕಪ್ಪು ಬೂಷ್ಟು ಬೆಳೆದಾಗ ಮಾತ್ರ ಉಪರಿಪತ್ರವಾದಿಗೆ ರೋಗ ಕಾಣುತ್ತದೆ, ಏಕೆಂದರೆ ಈಗ ಅದು ಮೇಲೆ ಬಂದಿದೆ. ಬೇವಿನೆಣ್ಣೆ ಕೆಲಸ ಮಾಡುವುದಿಲ್ಲವೆಂಬ ದೂರಿನ ಮೂಲವೂ ಇಲ್ಲಿಯೇ ಇದೆ. ಲೀಟರ್ ನೀರಿಗೆ 5 ಮಿಲಿಲೀಟರ್ ಎಣ್ಣೆ, ಬೆರೆಯಲು ಒಂದಿಷ್ಟು ಸೋಪು, ಬಿಸಿಲಿಳಿದ ಮೇಲೆ, ಎಲೆಯಡಿ ತೊಯ್ಯುವಂತೆ: ಇಷ್ಟಾದರೂ ಸಾಯುವವು ಹೆಚ್ಚಾಗಿ ಎಳೆಯ ಮರಿಗಳು. ಮೊಟ್ಟೆ, ಕೋಶಗಳು ಬದುಕಿಕೊಳ್ಳುತ್ತವೆ. ಹಾಗಾಗಿ ವಾರಕ್ಕೊಮ್ಮೆಯಂತೆ ಮತ್ತೆ ಮತ್ತೆ ಹೊಡೆಯಬೇಕು. ಹಳದಿ ಅಂಟುಹಾಳೆಗೆ ಬೀಳುವವು ಹಾರುವ ನೊಣಗಳು ಮಾತ್ರ, ಕೂತಿರುವ ಮರಿಗಳಿಗೆ ಅದರಿಂದ ಏನೂ ಆಗದು. ಕರಪತ್ರದಲ್ಲಿ ಇದೆಲ್ಲ ‘ಬೇವಿನ ಮೂಲದ ಕೀಟನಾಶಕಗಳನ್ನು ಅಗತ್ಯಾನುಸಾರ ಬಳಸತಕ್ಕದ್ದು’ ಎಂದು ಅಡಕವಾಗಿರುತ್ತದೆ. ಅಗತ್ಯ ಯಾವುದು, ಅನುಸಾರ ಹೇಗೆ ಎಂಬುದು ಗುರುಮುಖೇನ ತಿಳಿಯಬೇಕಾದ ರಹಸ್ಯ.

ಈಗ ಸಲಹಾಕಾರರ ವರ್ಗೀಕರಣ. ಇವರಲ್ಲಿ ಐದು ಪ್ರಭೇದಗಳಿವೆ. ಮೊದಲನೆಯವರು ಸಮಗ್ರಿಗಳು: ಇರುವ ಹನ್ನೆರಡು ಕ್ರಮಗಳನ್ನೂ ಒಂದೇ ಪಟ್ಟಿಗೆ ಸೇರಿಸುತ್ತಾರೆ, ಮೊದಲು ಯಾವುದನ್ನು ಮಾಡಬೇಕೆಂಬ ಪ್ರಶ್ನೆ ಏಳದಂತೆ. ಎರಡನೆಯವರು ಬೇವಾದ್ವೈತಿಗಳು: ಬೇವೊಂದೇ ಸತ್ಯ, ಕೀಟ ಮಿಥ್ಯ. ಮೂರನೆಯವರು ಹೊಸ್ತಿಲಿಗರು. ಮಿಕ್ಕ ಎರಡನ್ನು ಓದುಗರು ತಮ್ಮ ವಾಟ್ಸಾಪ್ ಗುಂಪಿನಲ್ಲೇ ಹುಡುಕಿಕೊಳ್ಳಲಿ. ಮೂರನೆಯವರ ಬಳಿ ನಗು ನಿಂತುಹೋಗುತ್ತದೆ. ಎಲೆಗೆ ಇಂತಿಷ್ಟು ನೊಣ ಕಂಡರೆ ಮಾತ್ರ ಔಷಧ ಹೊಡೆಯಿರಿ ಎಂಬುದು ಆರ್ಥಿಕ ಹೊಸ್ತಿಲಿನ ಲೆಕ್ಕ. ಹತ್ತಿಗೆ ಎಲೆಗೆ ಆರು ನೊಣ ಎಂಬ ಲೆಕ್ಕವುಂಟು. ರಸ ಹೀರಿ ಆಗುವ ನಷ್ಟಕ್ಕೆ ಇದು ತಕ್ಕ ಮಾತು. ಆದರೆ ಟೊಮೆಟೊದಲ್ಲಿ ನಷ್ಟ ರಸದ್ದಲ್ಲ, ಎಲೆಮುಟುರು ನಂಜಿನದು. ರೋಗದ ಗಿಡದಲ್ಲಿ ಅರ್ಧ ಗಂಟೆ ಕೂತು ಕುಡಿದ ನೊಣ ನಂಜನ್ನು ಬಹುಪಾಲು ಬದುಕಿರುವಷ್ಟು ಕಾಲವೂ ಹೊತ್ತು ತಿರುಗುತ್ತದೆ. ಅಂಥದ್ದೊಂದು ಬಂದು ಎಳೆಯ ಸಸಿಗೆ ಚುಚ್ಚಿದರೆ ಕೆಲಸ ಮುಗಿಯಿತು. ಆರನೆಯ ನೊಣಕ್ಕಾಗಿ ಕಾಯುತ್ತ ನಿಲ್ಲುವುದನ್ನು ವೈಜ್ಞಾನಿಕ ನಿರ್ವಹಣೆ ಎಂದು ಕರೆಯುವವರು ಆ ಸಸಿಗೆ ದುಡ್ಡು ಕೊಟ್ಟವರಲ್ಲ.

ಇಲ್ಲಿ ಪೂರ್ವಪಕ್ಷ ಏಳುತ್ತದೆ: ವಿಜ್ಞಾನಕ್ಕೆ ಅದರದೇ ಭಾಷೆ ಬೇಡವೇ, ಪರಿಭಾಷೆಯನ್ನೇಕೆ ಹಳಿಯುತ್ತೀರಿ? ಖಂಡಿತ ಬೇಕು. 1889ರಲ್ಲಿ ಗ್ರೀಸಿನ ತಂಬಾಕು ಗಿಡದ ಮೇಲೆ ಗೆನ್ನಾಡಿಯಸ್ ಗುರುತಿಸಿದ ಬೆಮಿಸಿಯ ಟಬಾಸಿ ಎಂಬ ಬಿಳಿನೊಣವೂ, 1999ರಲ್ಲಿ ಕೋಲಾರದಲ್ಲಿ ಭಾರತಕ್ಕೇ ಮೊದಲು ಪತ್ತೆಯಾದ ಅದರ ‘ಬಿ’ ಬಗೆಯೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಅವನ್ನು ಬೇರ್ಪಡಿಸಲು ಕಠಿಣ ಪದಗಳೂ ಪ್ರಯೋಗಾಲಯವೂ ಬೇಕೇ ಬೇಕು. ಆ ವಿದ್ಯೆ ಫಲವನ್ನೂ ಕೊಟ್ಟಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಎಲೆಮುಟುರು ತಡೆಯುವ ಸಂಕ್ರಾಂತಿ, ನಂದಿ, ವೈಭವ್ ಎಂಬ ಟೊಮೆಟೊ ತಳಿಗಳನ್ನು ಹೊರತಂದಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅರ್ಕಾ ರಕ್ಷಕ್ ಟೊಮೆಟೊ ಬಂತು, ಹಳದಿ ನಂಜು ತಡೆಯಲೆಂದು ಅರ್ಕಾ ಅನಾಮಿಕಾ ಬೆಂಡೆ ಬಂತು. ನಮ್ಮ ಜಗಳ ಇವರೊಡನೆ ಇಲ್ಲ. ಇವರ ಕೆಲಸಕ್ಕೂ ಸಸಿಮಡಿಗೂ ನಡುವೆ ಕೂತು, ತಳಿಯ ಹೆಸರನ್ನು ನುಂಗಿ ‘ರೋಗನಿರೋಧಕ ತಳಿಗಳನ್ನು ಆಯ್ದುಕೊಳ್ಳುವುದು’ ಎಂದಷ್ಟೇ ಕಕ್ಕುವ ಗದ್ಯದೊಡನೆ.

ಎರಡನೆಯ ಆಕ್ಷೇಪ: ಇಷ್ಟೆಲ್ಲ ಏಕೆ, ಅಂಗಡಿಯಲ್ಲಿ ಜೋರಾದ ಔಷಧ ಸಿಗುತ್ತದಲ್ಲ? ಸಿಗುತ್ತದೆ, ಮೊದಲ ಸಲ ಸಾಯಿಸುತ್ತದೆ ಕೂಡ. ಬದುಕುಳಿದವುಗಳ ಮಕ್ಕಳು ಅದಕ್ಕೆ ಒಗ್ಗಿಕೊಳ್ಳುತ್ತವೆ, ನೊಣದ ಶತ್ರುಗಳು ಮಾತ್ರ ನಿರ್ವಂಶವಾಗುತ್ತವೆ. 2016ರಲ್ಲಿ ಪೊಳ್ಳಾಚಿಯ ತೆಂಗಿನಲ್ಲಿ ಕಾಣಿಸಿಕೊಂಡು ನಮ್ಮ ತೋಟಗಳಿಗೂ ಹಬ್ಬಿದ ಸುರುಳಿ ಬಿಳಿನೊಣದ ವಿಷಯದಲ್ಲಿ ವಿಜ್ಞಾನಿಗಳು ಔಷಧ ಹೊಡೆಯಬೇಡಿ, ಮರಿಯೊಳಗೆ ಮೊಟ್ಟೆಯಿಡುವ ಎನ್ಕಾರ್ಸಿಯ ಕಣಜವನ್ನು ಉಳಿಸಿಕೊಳ್ಳಿ ಎಂದರು. ನೇರವಾದ, ಒಳ್ಳೆಯ ಮಾತು, ಬಂದಾಗ ಒಪ್ಪಿಕೊಳ್ಳಬೇಕು. ಅದಕ್ಕೆ ಹಿಂದಿನ ವರ್ಷವಷ್ಟೇ, 2015ರಲ್ಲಿ, ಪಂಜಾಬಿನ ಹತ್ತಿಯನ್ನು ಸುರುಳಿಯದಲ್ಲ, ಮೊದಲು ಹೇಳಿದ ಬೆಮಿಸಿಯ ಟಬಾಸಿ ಬಿಳಿನೊಣ ಮುಗಿಸಿಹಾಕಿತ್ತು. ರೈತರು ಮತ್ತೆ ಮತ್ತೆ ಸಿಂಪಡಿಸಿದರು, ನೊಣ ಸಾಯಲಿಲ್ಲ. ಕೀಟನಾಶಕ ಖರೀದಿಯ ಹಗರಣದಲ್ಲಿ ರಾಜ್ಯದ ಕೃಷಿ ನಿರ್ದೇಶಕರೇ ಬಂಧನಕ್ಕೊಳಗಾದರು. ಪರಿಹಾರ ಕೇಳಿ ರೈತರು ರೈಲುಹಳಿಯ ಮೇಲೆ ಕೂತರು. ಸಾಲ ಮಾಡಿ ತಂದ ಡಬ್ಬಿಯಲ್ಲಿ ಏನಿದೆಯೆಂದು ಹೇಳಲಾಗದ ವ್ಯವಸ್ಥೆಯೊಂದು ಅದನ್ನು ‘ವಿವೇಚನೆಯಿಂದ ಬಳಸಿ’ ಎಂದು ರೈತನಿಗೆ ಉಪದೇಶಿಸುವಾಗ ಅಣಕಿಸಲು ನಾಲಗೆ ಏಳುವುದಿಲ್ಲ.

ಕೊನೆಯ ಆಕ್ಷೇಪ ತಾರಸಿ ತೋಟದವರದು: ನಮ್ಮದು ಹತ್ತು ಕುಂಡ, ಇಷ್ಟು ರೋಷ ಬೇಕೇ? ಅವರಿಗೆ ಬೇಡ. ದಿನ ಬಿಟ್ಟು ದಿನ ಎಲೆ ಮಗುಚಿ ನೋಡಲಿ, ಎಲೆಯಡಿಗೆ ಜೋರಾಗಿ ನೀರು ಹಾಯಿಸಲಿ, ಮರಿ ಮುತ್ತಿದ ಎಲೆ ಕಿತ್ತು ಹಾಕಲಿ, ಮುಟುರು ಬಂದ ಗಿಡದ ಮೇಲೆ ಮೋಹ ಬಿಡಲಿ. ಬೇವಿನೆಣ್ಣೆಯ ಲೆಕ್ಕ ಆಗಲೇ ಹೇಳಿದೆ. ಗೆದ್ದರೆ ಸಾರಿಗೆ ಟೊಮೆಟೊ, ಸೋತರೆ ಮಾರುಕಟ್ಟೆ. ಸೋತರೆ ಮಾರುಕಟ್ಟೆಗೆ ಹೋಗಲಾಗದವನು ಆ ಮಾರುಕಟ್ಟೆಗೇ ಬೆಳೆಯುವವನು. ಕೋಲಾರದ ಹೊಲದಲ್ಲಿ ನಾಟಿಯಾದ ಮೊದಲ ವಾರಗಳಲ್ಲೇ ಮುಟುರು ಹಿಡಿದರೆ ಗಿಡ ಕುಬ್ಜವಾಗಿ ನಿಲ್ಲುತ್ತದೆ, ಕಾಯಿ ಕೈಗೆ ಬರುವುದಿಲ್ಲ. ಅವನನ್ನು ಉಳಿಸುವ ಸಂಗತಿಗಳು ನಾಲ್ಕೇ: ತಡೆಯುವ ತಳಿಯ ಹೆಸರು, ಸಸಿಮಡಿಗೆ ನೊಣ ನುಸುಳದಷ್ಟು ಸಣ್ಣ ಕಣ್ಣಿನ ನೈಲಾನ್ ಬಲೆ, ಹೊಲದ ಸುತ್ತ ಮೊದಲೇ ಬಿತ್ತಿದ ಮೆಕ್ಕೆಜೋಳದ ಸಾಲು, ರೋಗದ ಗಿಡವನ್ನು ಕಂಡ ದಿನವೇ ಕೀಳುವುದು. ಮೊದಲ ಮೂರು ನಾಟಿಗೆ ಮುಂಚೆ ತಿಳಿದರಷ್ಟೇ ಪ್ರಯೋಜನ. ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುವ ಈ ಮಾತು ಹದಿನಾರು ಪುಟದ ವರ್ಣರಂಜಿತ ಕೈಪಿಡಿಯಾಗಿ, ಮುನ್ನುಡಿ, ಸಂದೇಶ, ಶುಭಾಶಯ, ಗಣ್ಯರ ಭಾವಚಿತ್ರಗಳ ಸಮೇತ ಅವನ ಕೈಸೇರುತ್ತದೆ. ಹೊಲವೆಲ್ಲ ಮುಟುರಿದ ಮೇಲೆ, ‘ಮುಂಜಾಗ್ರತಾ ಕ್ರಮಗಳು’ ಎಂಬ ಶೀರ್ಷಿಕೆಯಲ್ಲಿ.