ಏಳು ಸೆಕೆಂಡು ಕಂಡ ಚೀಟಿ

"ಏನಮ್ಮಾ, ನಿನ್ನೆ ನಾನು ಒತ್ತಿದ್ದು ಲೆಕ್ಕಕ್ಕೆ ಸೇರತ್ತೆ ಅಂತ ನಂಗೆ ಯಾರು ಹೇಳ್ತಾರೆ?"

ಬೇಲಿಯಾಚೆಯಿಂದ ಪಕ್ಕದ ಮನೆ ಅಜ್ಜಿ ಕೇಳಿದಾಗ ನಾನು ದಾಸವಾಳ ಬಿಡಿಸ್ತಿದ್ದೆ. 2024ರ ಏಪ್ರಿಲ್ 27, ಮೈಸೂರಲ್ಲಿ ಮತದಾನ ಮುಗಿದ ಮರುದಿನ. ಅಜ್ಜಿಯ ತೋರುಬೆರಳಲ್ಲಿ ಶಾಯಿ ಕಪ್ಪಾಗಿ ಕೂತಿತ್ತು. ನಮ್ಮೂರಿನ ಕಾರ್ಖಾನೆಯಲ್ಲೇ ತಯಾರಾಗೋ ಶಾಯಿ ಅದು.

"ಚೀಟಿ ನೋಡಿದ್ರಾ ಅಜ್ಜಿ?"

ನೋಡಿದ್ರಂತೆ. ಗುಂಡಿ ಒತ್ತಿದ್ದೇ ತಡ, ವಿವಿಪ್ಯಾಟ್ ಡಬ್ಬಿಯ ಗಾಜಿನೊಳಗೆ ದೀಪ ಹತ್ತಿ, ಕ್ರಮಸಂಖ್ಯೆ, ಹೆಸರು, ಗುರುತು ಇರೋ ಚೀಟಿ ಬಂದು ನಿಂತಿತಂತೆ. ಕನ್ನಡಕ ಸರಿ ಮಾಡ್ಕೊಂಡು ಗುರುತು ನೋಡೋಷ್ಟರಲ್ಲಿ ಕತ್ತರಿಸಿಕೊಂಡು ಒಳಗೆ ಬಿತ್ತಂತೆ. ಏಳೇ ಸೆಕೆಂಡು.

"ಅದನ್ನ ನನ್ನ ಕೈಗೇ ಕೊಟ್ಟಿದ್ರೆ ಆಗ್ತಿರಲಿಲ್ವಾ?"

ಕೊಡಬಾರದು. ಕೈಗೆ ಬಂದ ಚೀಟಿಯನ್ನ ನಾಳೆ ದುಡ್ಡು ಹಂಚಿದೋರು ಬಂದು 'ತೋರ್ಸು' ಅಂತಾರೆ. ಯಾರ ಓಟು ಯಾವುದು ಅಂತ ಹುಡುಕೋಕೆ ಆಗದೇ ಇರೋದೇ ಅಜ್ಜಿಯಂಥವರಿಗೆ ರಕ್ಷಣೆ. ಆದ್ರೆ ಬೂತಿನ ಲೆಕ್ಕವನ್ನ ಹಿಡಿದು ಕೇಳಬಹುದು. ಮತದಾನ ಮುಗಿದ ಮೇಲೆ ಯಂತ್ರದಲ್ಲಿ ಒಟ್ಟು ಎಷ್ಟು ಓಟು ಬಿದ್ದಿದೆ ಅಂತ 17ಸಿ ನಮೂನೆಯಲ್ಲಿ ಬರೆದು, ಅಲ್ಲಿ ಕೂತಿರೋ ಅಭ್ಯರ್ಥಿಗಳ ಏಜೆಂಟರಿಗೆಲ್ಲ ಅದರ ನಕಲು ಕೊಡಬೇಕು. ಜೂನ್ 4ಕ್ಕೆ ಎಣಿಕೆ ಮೇಜಿನ ಮೇಲೆ ಯಂತ್ರ ತೋರಿಸೋ ಸಂಖ್ಯೆಯನ್ನ ಆ ಕಾಗದದ ಜೊತೆ ತಾಳೆ ನೋಡ್ತಾರೆ. ಆ ಸಂಖ್ಯೆಯೊಳಗೆ ಅಜ್ಜಿಯದೂ ಒಂದು.

"ಒಳಗೆ ಬಿದ್ದ ಚೀಟಿಗಳ ಗತಿ?"

ಎಲ್ಲವನ್ನೂ ಎಣಿಸೋಲ್ಲ. 2019ರಿಂದ ಒಂದೊಂದು ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಯ ಚೀಟಿ ಮಾತ್ರ. ಯಾವ ಐದು ಅಂತ ಲಾಟರಿ ಎತ್ತಿ ಆರಿಸ್ತಾರೆ. ಎಲ್ಲವನ್ನೂ ಎಣಿಸಿ ಅನ್ನೋ ಬೇಡಿಕೆಯನ್ನ ಸುಪ್ರೀಂ ಕೋರ್ಟ್ ಒಪ್ಪದೇ ಹೋಗಿದ್ದು ನಾವು ಸಾಲಲ್ಲಿ ನಿಂತಿದ್ದ ದಿನವೇ. ನನಗಂತೂ ಐದು ಕಮ್ಮಿ ಅನ್ನಿಸತ್ತೆ. ಬಿಸಿಲಲ್ಲಿ ಕೋಲೂರಿಕೊಂಡು ಬಂದು ಓಟು ಹಾಕಿದವರು ಕೇಳೋ ಪ್ರಶ್ನೆಗೆ ಇನ್ನೂ ಗಟ್ಟಿ ಉತ್ತರ ಇರಬೇಕಿತ್ತು. ಅದಕ್ಕೇ ಆ 17ಸಿ ಕಾಗದದ ಮೇಲೆ ನನಗೆ ಇಷ್ಟು ಆಸೆ. ಏಜೆಂಟು ಹಸಿವಾಯ್ತು ಅಂತ ನಾಲ್ಕಕ್ಕೇ ಎದ್ದು ಹೋದರೆ ಅದೂ ಕೈತಪ್ಪತ್ತೆ.

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮನೆ ಕಡೆ ತಿರುಗಿದರು. ನಿನ್ನೆ ಬೂತಲ್ಲಿ ಏಜೆಂಟಾಗಿ ಕೂತಿದ್ದ ಮೊಮ್ಮಗ ಇನ್ನೂ ಮಲಗಿದ್ದ.

"ಏಳೋ! ಸಾಯಂಕಾಲದ ತನಕ ಇದ್ದ್ಯಾ? ಆ ಕಾಗದ ಎಲ್ಲಿಟ್ಟಿದ್ದೀಯ, ತಗೊಂಡ್ಬಾ ಇಲ್ಲಿ."