ಕರ್ಣಪಟ್ಟಿಕಾ ಮೀಮಾಂಸೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳೆಂಬ ಘಟ್ಟದ ಮೇಲಿನ ಸೀಮೆಯಲ್ಲಿ ಕಳೆದುಹೋಗುವ ಜೀವಿಗಳು ನಾಲ್ಕು ಬಗೆ: ಬೆಟ್ಟಕ್ಕೆ ಮೇಯಲು ಹೋದ ದನ, ರಾತ್ರಿ ಅಂಗಳದಲ್ಲಿ ಬೊಗಳಿದ ನಾಯಿ, ಜಾತ್ರೆಯಲ್ಲಿ ಕೈಬಿಟ್ಟ ಮಾಣಿ ಮತ್ತು ‘ತೋಟಕ್ಕೆ ಹೋಗ್ಬತ್ತಿ’ ಎಂದು ಹೊರಟ ಅಜ್ಜ. ಇವುಗಳಲ್ಲಿ ಗುರುತು ಮೈಮೇಲೇ ಇರುವುದು ದನಕ್ಕೆ ಮಾತ್ರ ಎಂಬುದು ನಮ್ಮ ಪ್ರತಿಜ್ಞೆ.

ಹೇತು, ಹಳದಿ ಬಿಲ್ಲೆ. 2019ರಲ್ಲಿ ಕಾಲುಬಾಯಿ ಜ್ವರದ ರಾಷ್ಟ್ರೀಯ ಲಸಿಕೆ ಕಾರ್ಯಕ್ರಮ ಶುರುವಾದ ಮೇಲೆ ಕೊಟ್ಟಿಗೆಗೆ ಬಂದವರು ದನದ ಮುಖ ನೋಡುವ ಮೊದಲು ಕಿವಿ ನೋಡುತ್ತಾರೆ. ಬಿಲ್ಲೆಯಲ್ಲಿ 12 ಅಂಕಿ. ಯಜಮಾನರ ಆಧಾರಿನಲ್ಲೂ 12 ಅಂಕಿಯೇ. ಆದರೆ ಅವರದು ಲ್ಯಾಮಿನೇಶನ್ ಆಗಿ ಕಪಾಟು ಸೇರಿದೆ, ಬೇಕಾದ ದಿನ ಸಿಗುವುದಿಲ್ಲ. ಅವರ ದನ ಗೌರಿಯದು ಗೊಬ್ಬರದ ಗುಂಡಿಗೆ ಇಳಿದು ಬಂದರೂ ಕಿವಿಯಲ್ಲೇ ಇದೆ. ಮಲೆನಾಡು ಗಿಡ್ಡದ ಕಿವಿ ಎಷ್ಟು, ಬಿಲ್ಲೆ ಎಷ್ಟು ಎಂಬ ಪ್ರಶ್ನೆಯನ್ನು ಗೌರಿಯ ಹೊರತು ಯಾರೂ ಎತ್ತಿಲ್ಲ.

ಇಲ್ಲಿ ಪೂರ್ವಪಕ್ಷಿಗಳಾದ ಭಟ್ಟರು ಎದ್ದು ನಿಲ್ಲುತ್ತಾರೆ: ‘ನಮ್ಮ ಗುರುತೂ ಕಿವಿಯಲ್ಲೇ ಇದ್ದಲ. ಅಭಿವಾದನೆ ಮಾಡುವಾಗ ಎರಡೂ ಕಿವಿ ಮುಟ್ಟಿಕೊಂಡೇ ಪ್ರವರ ಹೇಳ್ತ್ವಿಲ್ಯ?’ ವಾದವೇನೋ ಘನವಾದದ್ದು. ಆದರೆ ಹವ್ಯಕರ ಗೋತ್ರಗಳು ಏಳೇ. ಸೂತ್ರ ಕೇಳಿದರೆ ಬಹುತೇಕರದು ಬೋಧಾಯನ. ಏಳು ಖಾನೆಗಳಲ್ಲಿ ಮೂರು ತಾಲ್ಲೂಕನ್ನು ತುಂಬಿ ‘ಸಿಕ್ಕಿದ ಮಾಣಿ ಇಂಥವನು’ ಎಂದು ನಿರ್ಣಯಿಸುವುದು ಋಷಿಗಳಿಂದಲೂ ಆಗದ ಕೆಲಸ. ಅಲ್ಲದೆ ಹೆಣ್ಣುಮಕ್ಕಳ ಗೋತ್ರ ಮದುವೆಯ ದಿನ ಬದಲಾಗುತ್ತದೆ. ಗೌರಿಯನ್ನು ಮಾರಿದರೂ ಗೌರಿಯ ನಂಬರು ಬದಲಾಗುವುದಿಲ್ಲ. ಈ ಸಾಲನ್ನು ನಮ್ಮ ಮನೆಯಲ್ಲಿ ಯಾರೂ ಓದದಿರಲಿ.

ಹೆಸರು ಸಾಲದೇ ಎಂದರೆ, ಖಂಡಿತ ಸಾಲದು. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ‘ಹೆಗಡೇರೇ’ ಎಂದು ಕೂಗಿ ನೋಡಬಹುದು. ತಿರುಗದೆ ಉಳಿಯುವುದು ಬಸ್ಸು ಮಾತ್ರ. ಯಕ್ಷಗಾನ ಲೋಕ ಇದನ್ನು ಎಂದೋ ಬಗೆಹರಿಸಿಕೊಂಡಿದೆ: 2012ರಲ್ಲಿ ಪದ್ಮಶ್ರೀ ಪಡೆದವರು ಚಿಟ್ಟಾಣಿ ರಾಮಚಂದ್ರ ಹೆಗಡೆ, ಕೊಂಡದಕುಳಿ ರಾಮಚಂದ್ರ ಹೆಗಡೆ ಬೇರೆ. ಊರೇ ಅವರ ಪಟ್ಟಿ. ಇನ್ನು ಮಾಣಿಯ ಸರದಿ. ಶಬರಿಮಲೆಗೆ ಹೋಗುವ ಮಕ್ಕಳ ಕೈಗೆ ಪಂಪೆಯಲ್ಲಿ ಪೊಲೀಸರು ಪಟ್ಟಿ ಕಟ್ಟುತ್ತಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಅಳುವ ಮಾಣಿಗೆ ಬಳೆ ಅಂಗಡಿಯ ಮುಂದಿನ ಅಜ್ಜಿಯೇ ಸಾಕು: ‘ಯಾರ ಮನೆ ಮಾಣಿಯೋ? ಆಯಿ ತೌರುಮನೆ ಎಲ್ಲಾತು?’ ಮೂರನೆಯ ಪ್ರಶ್ನೆಗೆ ಸಂಬಂಧ ಹೊರಬೀಳುತ್ತದೆ. ನಾಲ್ಕನೆಯದಕ್ಕೆ ಮಾಣಿಯ ಅತ್ತೆಯ ಜಾತಕವೂ.

ಪಟ್ಟಿ ಶಾಶ್ವತವಾಗಿರಬೇಕು ಎಂಬ ಆಧುನಿಕರ ಮತವೂ ಇಲ್ಲಿ ನಿಲ್ಲದು. ದೊಡ್ಡ ಹಬ್ಬ, ಅಂದರೆ ದೀಪಾವಳಿಯ ದಿನ, ದನದ ಮೈಮೇಲೆ ಕೆಮ್ಮಣ್ಣು, ಶೇಡಿಯ ಉರುಟು ಅಚ್ಚು. ಕೊರಳಿಗೆ ಅಡಿಕೆ, ಸಿಂಗಾರ, ಪಚ್ಚೆತೆನೆಯ ಹಾರ. ಪೂಜೆ ಮುಗಿದು ದನ ಬಿಟ್ಟದ್ದೇ ತಡ, ಹುಡುಗರು ಬೆನ್ನಟ್ಟಿ ಹಾರ ಹರಿಯುತ್ತಾರೆ. ಕಿತ್ತುಕೊಳ್ಳಲೆಂದೇ ಕಟ್ಟುವ ಇಂಥ ಪಟ್ಟಿಯನ್ನು ಯಾವ ಕಂಪನಿಯೂ ಇನ್ನೂ ಮಾರುಕಟ್ಟೆಗೆ ತಂದಿಲ್ಲ.

ಇನ್ನು ಅಜ್ಜ. ಬೆಂಗಳೂರಿನ ಮಗ ಜಿಪಿಎಸ್ ಪಟ್ಟಿ ಕಳಿಸಿದ್ದಾನೆ. ಅದು ಮೊಬೈಲ್ ನೆಟ್‌ವರ್ಕ್ ಇದ್ದರಷ್ಟೇ ಸುದ್ದಿ ಕಳಿಸುತ್ತದೆ. ನೆಟ್‌ವರ್ಕ್ ಇರುವುದು ಶಾಲೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ. ಹಾಗಾಗಿ ದಾರಿ ತಪ್ಪಿದ ಅಜ್ಜ ದಯವಿಟ್ಟು ಗುಡ್ಡ ಹತ್ತಬೇಕು. ಅವರು ಪಟ್ಟಿಯನ್ನು ಬಿಚ್ಚಿ, ಕವಳದ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡಿದ್ದಾರೆ. ಸಂಚಿಯನ್ನು ಅಜ್ಜ ಎಂದೂ ಮರೆಯುವುದಿಲ್ಲವಾದ್ದರಿಂದ ಇದನ್ನು ಧಾರಣೆಯೆಂದೇ ಪರಿಗಣಿಸತಕ್ಕದ್ದು.

ಉಳಿದದ್ದು ನಾಯಿ. ಬೆಲ್ಟಿನ ಮೇಲೆ ಆ ಮಗನದೇ ನಂಬರು. ನಾಯಿ ಸಿಕ್ಕವರು ಬೆಂಗಳೂರಿಗೆ ಫೋನು ಮಾಡಬೇಕು. ಮಗ ಮನೆಗೆ ಮಾಡಬೇಕು. ಮಳೆಗಾಲವಾದರೆ ಲೈನು ಸರಿಯಾಗುವವರೆಗೆ ಕಾಯಬೇಕು. ಅಷ್ಟರಲ್ಲಿ ನಾಯಿ ತಾನೇ ಬಂದು ದಣಪೆಯ ಹತ್ತಿರ ಬಾಲ ಅಲ್ಲಾಡಿಸುತ್ತಿರುತ್ತದೆ. ಬಾರದಿದ್ದರೆ ಅದು ಚಿರತೆಗೆ ಸಿಕ್ಕಿದೆ ಎಂದರ್ಥ. ಆ ಪಕ್ಷದಲ್ಲಿಯೂ ನಂಬರು ಬೆಲ್ಟಿನ ಮೇಲೆ ಸ್ಪಷ್ಟವಾಗಿಯೇ ಇದೆ. ಚಿರತೆ ಈವರೆಗೆ ಫೋನು ಮಾಡಿಲ್ಲ.